ಬಿಲ್ಲಿಗಿಂತ ಮೊದಲು ತೋಳು ಅಳೆಯಿರಿ

ಹೊಲಿಗೆ ಟೇಪು 60 ಇಂಚಿಗೇ ಮುಗಿದುಹೋಯಿತು. ಹುಡುಗ ಹಜಾರದ ಗೋಡೆಗೆ ಬೆನ್ನು ಆನಿಸಿ, ಎರಡೂ ತೋಳು ಅಗಲಕ್ಕೆ ಚಾಚಿ, ಎದೆ ಉಬ್ಬಿಸಿಕೊಂಡು ನಿಂತಿದ್ದ. ‘ಎದೆ ಇಳಿಸು, ಸುಮ್ನೆ ನಿಂತ್ಕೋ’ ಎಂದು ಹೇಳಿ, ಎರಡೂ ಕೈಗಳ ನಡುಬೆರಳ ತುದಿಯಲ್ಲಿ ಪೆನ್ಸಿಲ್ಲಿನಿಂದ ಗೋಡೆಯ ಮೇಲೆ ಒಂದೊಂದು ಗೀಟು ಎಳೆದೆ. ಅವನನ್ನು ಆಚೆ ಸರಿಸಿ ಎರಡು ಗೀಟಿನ ನಡುವೆ ಅಳೆದರೆ 67 ಇಂಚು. ಅದನ್ನು ಎರಡೂವರೆಯಿಂದ ಭಾಗಿಸಿದರೆ 26.8. ‘ನಿನ್ನ ಬಿಲ್ಲು ಇಷ್ಟುದ್ದ ಎಳೆಯೋದು. ನೀನು ತೋರಿಸಿದ್ದು ಎಷ್ಟಿತ್ತು?’ ಎಂದು ಕೇಳಿದೆ. ಫೋನು ನೋಡಿ ಹೇಳಿದ: ‘ಮೂವತ್ತು ಚಿಕ್ಕಪ್ಪ.’

ಬಾಣಾವರದ ಹತ್ತಿರ ಅಣ್ಣನ ತೋಟ. ಕೆಳಗೆ ತೆಂಗು, ಮೇಲಿನ ಹೊಲದಲ್ಲಿ ಮುಸುಕಿನ ಜೋಳ. ಆ ವರ್ಷ ಜೋಳ ಹಾಲುಗಾಳು ಕಟ್ಟುವ ಹೊತ್ತಿಗೆ ಒಂದು ರಾತ್ರಿ ಕಾಡುಹಂದಿ ಹಿಂಡು ನುಗ್ಗಿತ್ತು. ತಿಂದದ್ದು ಕಡಿಮೆ, ಮುರಿದು ಮಲಗಿಸಿದ್ದು ಹೆಚ್ಚು. ಬೆಳಿಗ್ಗೆ ಹೋಗಿ ನೋಡಿದ ಹುಡುಗನಿಗೆ ಹೊಟ್ಟೆ ಉರಿದಿತ್ತು. ಪಿಯುಸಿ ಓದುವ ವಯಸ್ಸು. ಫೋನಿನಲ್ಲಿ ಹುಡುಕಿ ಹುಡುಕಿ ಒಂದು ಕಾಂಪೌಂಡ್ ಬಿಲ್ಲು ಆರಿಸಿಟ್ಟುಕೊಂಡಿದ್ದ. 70 ಪೌಂಡ್ ಎಳೆತ, ಕಾಡಿನ ಎಲೆ ಬಣ್ಣ, ಜೊತೆಗೆ ಬ್ಲೇಡಿನಂಥ ಮೊನೆಯ ಬಾಣಗಳು. ಆ ಸಲದ ಕೊಬ್ಬರಿ ಮಾರಿದ ದುಡ್ಡಿನಲ್ಲಿ ಅರ್ಧ ತಿನ್ನುವ ಬೆಲೆ. ‘ಇದ್ರಲ್ಲಿ ಹಂದಿ ಬೀಳುತ್ತೆ ಅಲ್ವಾ?’ ಎಂದು ನನ್ನನ್ನು ಕೇಳಿದ್ದ. ಬಿಲ್ಲುಗಾರಿಕೆಯ ಗೀಳು ಹಿಡಿಸಿಕೊಂಡು ಹಲವು ವರ್ಷವಾದ ನನ್ನನ್ನು ಅವನು ಕೇಳಿದ್ದು ಸಹಜವೇ. ಅವನ ಪ್ರಶ್ನೆಗೆ ಉತ್ತರ ಎರಡು ಭಾಗದ್ದು. ಮೊದಲನೆಯದು ಹಂದಿಯ ವಿಷಯ, ಎರಡನೆಯದು ದುಡ್ಡಿನ ವಿಷಯ. ಇದೇ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡಿರುವ ಹುಡುಗರು ಅರಸೀಕೆರೆ, ಬೇಲೂರು ಕಡೆ ಇನ್ನೂ ಎಷ್ಟೋ ಮಂದಿ ಇದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಹಂದಿಯ ವಿಷಯ ಮೊದಲು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ ಬೇಟೆಯನ್ನು ನಿಷೇಧಿಸುತ್ತದೆ. ಆ ಕಾಯ್ದೆಯಲ್ಲಿ ‘ಬೇಟೆ’ ಅಂದರೆ ಕೊಲ್ಲುವುದಷ್ಟೇ ಅಲ್ಲ. ಗಾಯ ಮಾಡುವುದು, ಉರುಳು ಹಾಕುವುದು, ಬೆನ್ನಟ್ಟುವುದು, ಇವಕ್ಕೆಲ್ಲ ಪ್ರಯತ್ನಿಸುವುದು ಕೂಡ ಬೇಟೆಯೇ. ಬಾಣ ಗುರಿ ತಪ್ಪಿತು, ಹಂದಿ ಓಡಿಹೋಯಿತು ಅಂದರೂ ಅಪರಾಧ ಆಗಿಹೋಗಿರುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿ ದಂಡವನ್ನು ಏರಿಸಿದೆ. ಸಾಮಾನ್ಯ ಉಲ್ಲಂಘನೆಗೇ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ. ಬಳಸಿದ ಆಯುಧ, ವಾಹನ ಸರ್ಕಾರದ ಪಾಲು. ಬೆಳೆಗೋ ಜನರಿಗೋ ಅಪಾಯ ತರುವ ಪ್ರಾಣಿಯ ಬಗ್ಗೆ ತೀರ್ಮಾನ ತೆಗೆದುಕೊಳ್ಳುವ ಅಧಿಕಾರ 11ನೇ ಸೆಕ್ಷನ್ನಿನ ಪ್ರಕಾರ ಇರುವುದು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಮತ್ತು ಅವರು ಅಧಿಕಾರ ಕೊಟ್ಟವರಿಗೆ. ಹೊಲದ ಯಜಮಾನನಿಗೆ ಅಲ್ಲ.

ಕಾನೂನಿನ ಮಾತು ಬಿಡಿ. ಬಿಲ್ಲು ಬಲ್ಲವರು ಕೂಡ ಇದನ್ನು ಒಪ್ಪುವುದಿಲ್ಲ. ಬಾಣ ಗುಂಡಿನಂತೆ ಹೊಡೆತದ ರಭಸಕ್ಕೇ ಕೆಡವುವುದಿಲ್ಲ, ಕೊಯ್ದು ರಕ್ತ ಸುರಿಸಿ ಕೊಲ್ಲುತ್ತದೆ. ಬಿಲ್ಲುಬೇಟೆ ಕಾನೂನುಬದ್ಧವಾಗಿರುವ ಅಮೆರಿಕದಲ್ಲಿ ಅನುಭವಿ ಬೇಟೆಗಾರರು ಹಗಲು ಬೆಳಕಿನಲ್ಲಿ, ಇಪ್ಪತ್ತು ಮೂವತ್ತು ಗಜದ ಒಳಗೆ, ಪ್ರಾಣಿ ಪಕ್ಕಕ್ಕೆ ತಿರುಗಿ ನಿಂತಾಗ ಮಾತ್ರ ಬಾಣ ಬಿಡುತ್ತಾರೆ; ಆಮೇಲೆ ಕಾದು ಕೂತು ರಕ್ತದ ಜಾಡು ಹಿಡಿದು ಹೋಗುತ್ತಾರೆ. ನಮ್ಮ ಹಂದಿ ಬರುವುದು ರಾತ್ರಿ, ಆಳೆತ್ತರದ ಜೋಳದ ನಡುವೆ. ಅಲ್ಲಿ ಟಾರ್ಚಿನ ಬೆಳಕಿಗೆ ಬಿಟ್ಟ ಬಾಣ ಹಂದಿಯ ಹಿಂಗಾಲಿಗೆ ನಾಟಬಹುದು, ಪಕ್ಕದ ಹೊಲದಲ್ಲಿ ಕಾವಲು ಕೂತವರ ಎದೆಗೂ ನಾಟಬಹುದು. ಗಾಯಗೊಂಡ ಹಂದಿ ಬೆಳಿಗ್ಗೆ ಬೇಲಿ ಸಂದಿಯಲ್ಲಿ ಮಲಗಿದ್ದರೆ, ಹುಲ್ಲು ಕೊಯ್ಯಲು ಬಗ್ಗಿದವರ ಗತಿ ಏನು?

ಹಂದಿಯ ಕಸುವಿಗೆ ಸಾಕ್ಷಿ ಬೇಕಿದ್ದರೆ ನಮ್ಮಲ್ಲೇ ಒಂದು ಕಲ್ಲು ಇದೆ. ಮದ್ದೂರು ಸೀಮೆಯ ಆತಕೂರಿನಲ್ಲಿ ಸಿಕ್ಕ ಹತ್ತನೇ ಶತಮಾನದ ಶಾಸನ. ಗಂಗರ ಬೂತುಗನ ವೀರ ಮಣಲೇರನಿಗೆ, ಅವನು ಕೇಳಿದ್ದಕ್ಕೆ, ಕಾಳಿ ಎಂಬ ಬೇಟೆನಾಯಿ ಬಹುಮಾನವಾಗಿ ಸಿಕ್ಕಿತು. ಆ ಕಾಳಿ ದೊಡ್ಡದೊಂದು ಹಂದಿಯ ಮೇಲೆ ಬಿತ್ತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಅರಸರ ಮನೆಯ ಬೇಟೆನಾಯಿಗೇ ಅಷ್ಟು ಕಷ್ಟವಾದ ಪ್ರಾಣಿ ಅದು.

ಹಾಗಾದರೆ ಬೆಳೆಗೆ ದಾರಿ? ಅಣ್ಣ ಅರಣ್ಯ ಇಲಾಖೆಯ ‘ಇ-ಪರಿಹಾರ’ದಲ್ಲಿ ಅರ್ಜಿ ಹಾಕಿದ, ಹೊಲದ ಸುತ್ತ ಸೋಲಾರ್ ಬೇಲಿಯ ಲೆಕ್ಕ ಹಾಕಿಸಿದ. ಬಿಲ್ಲಿಗೆ ತೆಗೆದಿಟ್ಟ ದುಡ್ಡಿನಲ್ಲಿ ಒಂದು ಪಾಲು ಬೇಲಿಗೆ ಹೋಗಲಿ ಎಂದು ನಾನೂ ಹೇಳಿದೆ. ಬೇಲೂರಿನ ಬಿಕ್ಕೋಡು, ಅರೇಹಳ್ಳಿ ಕಡೆಯ ಕಾಫಿ ತೋಟದವರು ಆನೆಯ ಜೊತೆ ಬಾಳುತ್ತಿದ್ದಾರೆ. ಅರಸೀಕೆರೆಯ ಕುರುಚಲು ಗುಡ್ಡಗಳಲ್ಲಿ ಕರಡಿ, ಚಿರತೆ ಇವೆ. ಈ ಸೀಮೆಯಲ್ಲಿ ಕೃಷಿ ಮಾಡುವುದು ಎಂಥ ಪಾಡು ಎಂದು ನನಗೆ ಗೊತ್ತು. ಆದರೂ ಆ ಪಾಡಿಗೆ ಬಿಲ್ಲು ಮದ್ದಲ್ಲ.

ಹುಡುಗನ ಮುಖ ಸಪ್ಪಗಾಯಿತು. ಆದರೆ ಬಿಲ್ಲಿನ ಆಸೆ ಹೋಗಿರಲಿಲ್ಲ. ಅದು ಹೋಗಬಾರದು ಎಂದೇ ನನಗೂ ಇತ್ತು. ಮರುದಿನ ಬೇಲೂರಿಗೆ ಕರೆದುಕೊಂಡು ಹೋದೆ.

1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಸ್ಥಾನ, 2023ರಿಂದ ಹಳೇಬೀಡು, ಸೋಮನಾಥಪುರಗಳ ಜೊತೆ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಯಲ್ಲಿದೆ. ಬಂದವರೆಲ್ಲ ದರ್ಪಣಸುಂದರಿಯ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ನಾವು ಹುಡುಕಿಕೊಂಡು ಹೋದದ್ದು ಬೇಟೆಗಾರ್ತಿಯನ್ನು. ಮದನಿಕೆಯರಲ್ಲಿ ಒಬ್ಬಳು ಬಿಲ್ಲು ಹಿಡಿದು ನಿಂತಿದ್ದಾಳೆ. ಕತ್ತೆತ್ತಿ ನೋಡುವವರ ಕಣ್ಣು ಅವಳ ಮೇಲೆಯೇ ನಿಲ್ಲುತ್ತದೆ, ಕಾಲ ಬಳಿ ಇರುವ ಚಿಕ್ಕವರನ್ನು ಯಾರೂ ಗಮನಿಸುವುದಿಲ್ಲ. ಒಂದು ಕಡೆಯವನು ಹೆಗಲ ಮೇಲೆ ಬಿದಿರ ಗಳು ಹೊತ್ತಿದ್ದಾನೆ. ಗಳುವಿನ ಒಂದು ತುದಿಗೆ ಜಿಂಕೆ, ಇನ್ನೊಂದು ತುದಿಗೆ ಕೊಕ್ಕರೆ. ಇನ್ನೊಂದು ಕಡೆ, ಕಾಲಿಗೆ ಮುಳ್ಳು ಚುಚ್ಚಿಸಿಕೊಂಡು ನಿಂತವರಿಗೆ ಕೂತವರೊಬ್ಬರು ಸೂಜಿಯಿಂದ ಮುಳ್ಳು ತೆಗೆಯುತ್ತಿದ್ದಾರೆ. ಕಾಡು ತಿರುಗಿ ಬಂದ ಬೇಟೆಯ ಆಯಾಸವೆಲ್ಲ ಆ ಒಂದು ಸೂಜಿಯಲ್ಲಿದೆ. ಅದನ್ನು ಕಂಡವನು, ಮಾಡಿ ಅನುಭವಿಸಿದವನು ಮಾತ್ರ ಕೆತ್ತಬಲ್ಲ.

ಅಲ್ಲಿಂದ 16 ಕಿಲೋಮೀಟರ್ ದೂರದ ಹಳೇಬೀಡಿನಲ್ಲಿ ಹೊಯ್ಸಳೇಶ್ವರದ ಗೋಡೆಯ ತುಂಬ ಬಿಲ್ಲುಗಾರರು. ಭೀಷ್ಮ ಬಾಣಗಳ ಮೇಲೆ ಮಲಗಿದ್ದಾನೆ, ಅಭಿಮನ್ಯು ಚಕ್ರವ್ಯೂಹದಲ್ಲಿದ್ದಾನೆ. ರಥದ ಮೇಲೆ ನಿಂತವರ ಬಿಲ್ಲು ಎಷ್ಟು ಉದ್ದ, ಎಳೆದ ಮೊಣಕೈ ಎಲ್ಲಿಗೆ ಬಂದಿದೆ ಎಂದು ಹುಡುಗನಿಗೆ ತೋರಿಸುತ್ತ ಹೋದೆ. ಅವನು ಪಡಸಾಲೆಯ ಕಲ್ಲಿನ ಮೇಲೆ ಕೂತು, ‘ಬೇಟೆ ಬೇಡ ಚಿಕ್ಕಪ್ಪ. ಹೊಡಿಯೋದು ಕಲೀತೀನಿ. ಈಗ ಯಾವುದು ತಗೊಳ್ಳಲಿ?’ ಎಂದ. ಇಲ್ಲಿಂದ ದುಡ್ಡಿನ ವಿಷಯ.

ಕಾಂಪೌಂಡ್ ಬಿಲ್ಲು ಹಳೆಯದಲ್ಲ. ಅಮೆರಿಕದ ಮಿಸೌರಿಯ ಹೋಲೆಸ್ ವಿಲ್ಬರ್ ಆಲೆನ್ 1966ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, 1969ರಲ್ಲಿ ಅದು ಸಿಕ್ಕಿತು. ಬೇಟೆಗಾರ್ತಿಯ ಬಿಲ್ಲಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಬಾವಿಯ ರಾಟೆ ಸೇದಿದವರಿಗೆ ಹೇಳುವುದು ಸುಲಭ. ಸಾದಾ ಬಿಲ್ಲಿನ ಹೆದೆಯನ್ನು ಎಳೆದಷ್ಟೂ ಭಾರ ಏರುತ್ತದೆ. ಪೂರ್ತಿ ಎಳೆದು ಗುರಿ ನೋಡುವ ಹೊತ್ತಿಗೆ ಇಡೀ ಭಾರ ಬೆರಳ ಮೇಲೆ ಕೂತಿರುತ್ತದೆ, ಕೈ ನಡುಗುತ್ತದೆ. ಕಾಂಪೌಂಡಿನ ಎರಡು ತುದಿಗಳಲ್ಲಿ ರಾಟೆಗಳಿವೆ. ಅವು ದುಂಡಗಿಲ್ಲ, ಅಚ್ಚು ನಡುವಿನಲ್ಲೂ ಇಲ್ಲ. ಅವಕ್ಕೆ ಕ್ಯಾಮ್ ಎಂದು ಹೆಸರು. ಎಳೆಯುತ್ತ ಹೋದಂತೆ ಭಾರ ಏರಿ, ಮುಕ್ಕಾಲು ದಾರಿ ದಾಟಿ ಕ್ಯಾಮ್ ತಿರುಗಿದ ಮೇಲೆ ಒಮ್ಮೆಲೇ ಇಳಿದುಬಿಡುತ್ತದೆ. ಈ ಇಳಿತವೇ ಲೆಟ್‌ಆಫ್. 50 ಪೌಂಡಿನ ಬಿಲ್ಲಿಗೆ ಶೇ 80 ಲೆಟ್‌ಆಫ್ ಇದ್ದರೆ, ಗುರಿ ನೋಡುತ್ತ ನಿಂತಾಗ ಕೈಯಲ್ಲಿ ಉಳಿಯುವುದು 10 ಪೌಂಡ್, ಅಂದರೆ ನಾಲ್ಕೂವರೆ ಕಿಲೋ ಮಾತ್ರ. ಬಾಣಕ್ಕೆ ಸಿಗುವುದು ಮಾತ್ರ ಬಿಲ್ಲು ಕೂಡಿಟ್ಟ ಶಕ್ತಿಯ ಬಹುಪಾಲು.

ಈ ಅನುಕೂಲಕ್ಕೆ ಒಂದು ಷರತ್ತಿದೆ. ಕ್ಯಾಮ್ ತಿರುಗಿ ನಿಲ್ಲುವ ಜಾಗ ಬಿಲ್ಲಿನಲ್ಲಿ ಗಟ್ಟಿಯಾಗಿ ನಿಗದಿಯಾಗಿರುತ್ತದೆ. ಸಾದಾ ಬಿಲ್ಲನ್ನು ಗಿಡ್ಡ ತೋಳಿನವನು ಸ್ವಲ್ಪ ಕಡಿಮೆ, ಉದ್ದ ತೋಳಿನವನು ಸ್ವಲ್ಪ ಹೆಚ್ಚು ಎಳೆಯಬಹುದು. ಕಾಂಪೌಂಡಿನಲ್ಲಿ ಅದಾಗದು. 27 ಇಂಚಿನ ಹುಡುಗ 30 ಇಂಚಿನ ಬಿಲ್ಲು ಹಿಡಿದರೆ ಕ್ಯಾಮ್ ತಿರುಗುವವರೆಗೆ ಎಳೆಯಲು ಮೈ ಹಿಂದಕ್ಕೆ ಬಾಗಬೇಕು, ಮೊಣಕೈ ಕಿವಿಯ ಹಿಂದಕ್ಕೆ ಹೋಗಬೇಕು, ಹೆದೆ ಮುಖಕ್ಕೆ ಸರಿಯಾಗಿ ತಾಗುವುದಿಲ್ಲ, ಬಿಟ್ಟಾಗ ಎಡಗೈಯ ಮುಂಗೈಗೆ ಚುರುಕೆಂದು ಹೊಡೆಯುತ್ತದೆ. ನಾನು ಮೊದಲು ಕೊಂಡ ಬಿಲ್ಲಿನಲ್ಲಿ ಇದೇ ಆಗಿತ್ತು. ಒಂದು ಇಂಚು ಹೆಚ್ಚಿದ್ದ ಆ ಬಿಲ್ಲಿನೊಡನೆ ಗುದ್ದಾಡಿ ಎಂಟು ತಿಂಗಳು ಕಳೆದೆ. ಹಾಗಾಗಿ ಮೊದಲು ತೋಳು. ಚಾಚಿದ ಎರಡು ತೋಳಿನ ಅಳತೆಯನ್ನು 2.5ರಿಂದ ಭಾಗಿಸಿದರೆ ಬರುವುದು ಸುಮಾರಿನ ಲೆಕ್ಕ. ಬಲ್ಲವರ ಮುಂದೆ ಒಂದು ಸಲ ಎಳೆದು ನೋಡಿ ಅರ್ಧ ಇಂಚು ಆಚೀಚೆ ಸರಿಮಾಡಿಕೊಳ್ಳಬೇಕು.

ಎರಡನೆಯದು ಎಳೆತದ ಭಾರ. ಹುಡುಗರು 70 ಪೌಂಡ್ ಕೇಳುತ್ತಾರೆ, ಬುಲೆಟ್ ಬೈಕ್ ಕೇಳಿದ ಹಾಗೆ. ವರ್ಲ್ಡ್ ಆರ್ಚರಿಯ ನಿಯಮದಲ್ಲಿ ಕಾಂಪೌಂಡಿಗೆ 60 ಪೌಂಡೇ ಗರಿಷ್ಠ. 60ಕ್ಕೆ ಇಳಿಸಲಾಗದ ಬೇಟೆಬಿಲ್ಲು ಕೊಂಡರೆ ನಾಳೆ ಜಿಲ್ಲಾ ಮಟ್ಟದ ಸ್ಪರ್ಧೆಗೂ ಅದನ್ನು ತೆಗೆದುಕೊಂಡು ಹೋಗಲಾಗದು. ಹಾಕಿದ ದುಡ್ಡೆಲ್ಲ ಗೂಟಕ್ಕೆ ನೇತುಬೀಳುತ್ತದೆ. ಹೊಸಬರಿಗೆ 30ರಿಂದ 40 ಪೌಂಡ್ ಧಾರಾಳ ಸಾಕು. ಪರೀಕ್ಷೆ ಸುಲಭ. ಕುರ್ಚಿಯ ಮೇಲೆ ಕೂತು, ಕಾಲು ನೆಲದಿಂದ ಎತ್ತಿ, ಬಿಲ್ಲನ್ನು ಗುರಿಯ ಎತ್ತರಕ್ಕೇ ನೇರ ಹಿಡಿದು ನಿಧಾನವಾಗಿ ಎಳೆಯಬೇಕು. ಆಕಾಶಕ್ಕೆ ಎತ್ತಿ ಜಗ್ಗಿ ಇಳಿಸಬೇಕಾಯಿತು ಅಂದರೆ ಭಾರ ಹೆಚ್ಚಾಯಿತು ಎಂದು ಅರ್ಥ. ಭುಜ ಹಾಳಾದರೆ ಅದರ ಖರ್ಚು ಬಿಲ್ಲಿಗಿಂತ ದೊಡ್ಡದು.

ಮೂರನೆಯದು ವೇಗ. ಹುಡುಗ ತೋರಿಸಿದ ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಸೆಕೆಂಡಿಗೆ 330 ಅಡಿ ಎಂದಿತ್ತು. ಅಂದರೆ ಗಂಟೆಗೆ ಸುಮಾರು 360 ಕಿಲೋಮೀಟರ್. ಈ ಅಂಕಿ ಬರುವುದು 70 ಪೌಂಡ್ ಎಳೆತ, 30 ಇಂಚು ಉದ್ದ, 350 ಗ್ರೇನ್ ತೂಕದ ಹಗುರ ಬಾಣ ಇಟ್ಟು ಅಳೆದಾಗ. ಒಂದು ಇಂಚು ಎಳೆತ ಕಡಿಮೆಯಾದರೆ ಹತ್ತಡಿಯಷ್ಟು ವೇಗ ಇಳಿಯುತ್ತದೆ ಎಂಬುದು ಬಿಲ್ಲುಗಾರರ ಬಾಯಿಲೆಕ್ಕ, ಭಾರ ಕಡಿಮೆಯಾದರೆ ಇನ್ನಷ್ಟು. ನಮ್ಮ ಹುಡುಗ 40 ಪೌಂಡಿನಲ್ಲಿ, 27 ಇಂಚಿನಲ್ಲಿ ಆ ಅಂಕಿಯ ಹತ್ತಿರವೂ ಹೋಗಲಾರ. ಹೋಗಬೇಕಾಗಿಯೂ ಇಲ್ಲ. ಕಾಗದದ ಗುರಿಗೆ ವೇಗ ಗೊತ್ತಾಗುವುದಿಲ್ಲ. ವೇಗದ ಕ್ಯಾಮ್‌ಗಳು ಎಳೆಯುವಾಗ ಒರಟು, ತಪ್ಪಿಗೆ ಕ್ಷಮೆ ಕಡಿಮೆ. ದುಡ್ಡು ಪೋಲಾಗುವ ಮೊದಲ ಜಾಗ ಇದು. ಅಮೆರಿಕದಲ್ಲೇ ದೊಡ್ಡ ಕಂಪನಿಗಳ ಆ ವರ್ಷದ ಹೊಸ ಬಿಲ್ಲು ಸಾವಿರ ಡಾಲರ್ ದಾಟುತ್ತದೆ. ಅಲ್ಲಿಂದ ಸುಂಕ, ಸಾಗಣೆ ಸೇರಿಸಿಕೊಂಡು ಇಲ್ಲಿಗೆ ಬರುವಾಗ ಬೆಲೆ ಇನ್ನೂ ಮೇಲೆ. ಸಲಕರಣೆ ಸಮೇತ ಸಿಗುವ ಆರಂಭದ ಕಿಟ್ಟಿನ ಬೆಲೆ ಅದರ ಅರ್ಧಕ್ಕೂ ಕಡಿಮೆ. ಮೊದಲ ಎರಡು ವರ್ಷ ಈ ಎರಡರಲ್ಲಿ ಹೊಡೆದ ಅಂಕದಲ್ಲಿ ಕಾಣುವ ವ್ಯತ್ಯಾಸ ಬಿಲ್ಲಿನದಲ್ಲ, ಕೈಯದು.

ಬೇಟೆಬಿಲ್ಲು, ಗುರಿಬಿಲ್ಲು ಎಂಬ ಭೇದವೂ ಕಣ್ಣಿಗೆ ಕಾಣುವಂಥದೇ. ಮರದ ಮೇಲೆ ಮಚಾನಿನಲ್ಲಿ ಕೂರುವವರಿಗೆ ಗಿಡ್ಡ ಬಿಲ್ಲು ಬೇಕು. ಒಂದು ಕ್ಯಾಮಿನ ಅಚ್ಚಿನಿಂದ ಇನ್ನೊಂದರ ಅಚ್ಚಿಗೆ 30 ಇಂಚಿನ ಆಸುಪಾಸು. ಬಯಲಿನಲ್ಲಿ ನಿಂತು ಗುರಿ ಹೊಡೆಯುವವರ ಬಿಲ್ಲು 36ರಿಂದ 40 ಇಂಚು. ಉದ್ದ ಬಿಲ್ಲು ಕೈಯಲ್ಲಿ ನೆಮ್ಮದಿಯಾಗಿ ನಿಲ್ಲುತ್ತದೆ. ಕೈಯಲ್ಲಿರುವ ದುಡ್ಡಿಗೆ 33-34 ಇಂಚಿನದು ಸಿಕ್ಕರೆ ಕಲಿಯಲು ಏನೂ ತೊಂದರೆ ಇಲ್ಲ. ಎಲೆ ಬಣ್ಣಕ್ಕೆಂದು ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ.

ಬೆಳೆಯುವ ವಯಸ್ಸಿನವರಿಗೆ ನಾನು ಹೇಳುವ ಮಾತು ಒಂದೇ. ಎಳೆತದ ಉದ್ದ, ಭಾರ ಎರಡನ್ನೂ ಅಗಲವಾಗಿ ಬದಲಾಯಿಸಲು ಬರುವ ಬಿಲ್ಲು ಕೊಳ್ಳಿ. 13ರಿಂದ 31 ಇಂಚು, 5ರಿಂದ 70 ಪೌಂಡ್‌ವರೆಗೆ ತಿರುಪು ತಿರುಗಿಸಿಯೇ ಹೊಂದಿಸಬಹುದಾದ ಬಿಲ್ಲುಗಳಿವೆ. ಇವು ಪರಮಾಯಿಷಿ ಬಿಲ್ಲುಗಳಲ್ಲ, ಆದರೆ ಮಗ ಎರಡಿಂಚು ಬೆಳೆದ ಎಂದು ಅಪ್ಪ ಹೊಸ ಬಿಲ್ಲಿಗೆ ಸಾಲ ಮಾಡಬೇಕಾಗುವುದಿಲ್ಲ. ಅಕ್ಕ ತಮ್ಮ ಇಬ್ಬರೂ ಒಂದರಲ್ಲೇ ಕಲಿಯಬಹುದು.

ಇನ್ನು ಬಾಣ. ದುಡ್ಡೆಲ್ಲ ಬಿಲ್ಲಿಗೆ ಸುರಿದು ಕೊನೆಗೆ ಸಿಕ್ಕ ಬಾಣ ಹಿಡಿದು ಬರುವವರೇ ಹೆಚ್ಚು. ನನ್ನ ಲೆಕ್ಕ ಕೇಳಿದರೆ, ನೂರು ರೂಪಾಯಿ ಇದ್ದರೆ ಬಿಲ್ಲಿಗೆ ಅರವತ್ತು ದಾಟಬಾರದು. ಉಳಿದ ನಲವತ್ತು ಬಾಣಕ್ಕೆ, ಹೆದೆ ಬಿಡುವ ರಿಲೀಸಿಗೆ, ಗುರಿಚೀಲಕ್ಕೆ, ಕಲಿಸುವವರಿಗೆ. ಬಾಣದ ಮೇಲೆ 400, 500, 600 ಎಂದು ಅಂಕಿ ಇರುತ್ತದೆ. ಅಂಗಡಿಯಲ್ಲಿ ದೊಡ್ಡ ಅಂಕಿ ಒಳ್ಳೆಯದು ಎಂದು ಎತ್ತಿಕೊಂಡವರನ್ನು ನೋಡಿದ್ದೇನೆ. ಆ ಅಂಕಿಯ ಹೆಸರು ಸ್ಪೈನ್, ಬಾಣ ಎಷ್ಟು ಬಳುಕುತ್ತದೆ ಎಂಬುದರ ಅಳತೆ. 28 ಇಂಚು ಅಂತರದ ಎರಡು ಆಧಾರಗಳ ಮೇಲೆ ಬಾಣವನ್ನಿಟ್ಟು ನಡುವೆ 880 ಗ್ರಾಂ ತೂಕ ತೂಗುಬಿಟ್ಟರೆ ಅರ್ಧ ಇಂಚು ಬಗ್ಗುವ ಬಾಣ 500. ಅಂಕಿ ದೊಡ್ಡದಾದಷ್ಟೂ ಬಾಣ ಮೆತ್ತಗೆ. ಹಗುರ ಬಿಲ್ಲಿಗೆ ಮೆತ್ತನೆ ಬಾಣ, ಭಾರದ ಬಿಲ್ಲಿಗೆ ಬಿಗಿ ಬಾಣ. ಕಂಪನಿಗಳ ಪಟ್ಟಿಯಲ್ಲಿ ನಿಮ್ಮ ಪೌಂಡು, ಬಾಣದ ಉದ್ದ ಹಿಡಿದು ನೋಡಿದರೆ ಯಾವುದೆಂದು ಸಿಗುತ್ತದೆ. ತೀರ ಹಗುರದ ಬಾಣವನ್ನೂ ಹೂಡಬಾರದು. ಎಳೆತದ ಒಂದು ಪೌಂಡಿಗೆ ಕನಿಷ್ಠ ಐದು ಗ್ರೇನ್ ಲೆಕ್ಕ. 50 ಪೌಂಡಿನ ಬಿಲ್ಲಿಗೆ 250 ಗ್ರೇನ್, ಅಂದರೆ 16 ಗ್ರಾಂ.

ಬಾಣವೇ ಇಲ್ಲದೆ ಹೆದೆ ಎಳೆದು ಬಿಡುವುದಂತೂ ಬೇಡವೇ ಬೇಡ. ನೆಂಟರು ಬಂದಾಗ ಹುಡುಗರು ತೋರಿಸಲು ಹೋಗಿ ಮಾಡುವ ತಪ್ಪು ಇದು. ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಬಿಲ್ಲಿಗೇ ತಿರುಗಿ ಬೀಳುತ್ತದೆ; ಬಿಲ್ಲಿನ ತೋಳು ಸೀಳಬಹುದು, ಹೆದೆ ಕಿತ್ತು ಮುಖಕ್ಕೆ ಹೊಡೆಯಬಹುದು. ಅದೇ ರೀತಿ ಕಾರ್ಬನ್ ಬಾಣವನ್ನು ಪ್ರತಿ ಸಲ ಹೂಡುವ ಮುಂಚೆ ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಬಗ್ಗಿಸಿ, ತಿರುಗಿಸಿ ನೋಡಬೇಕು. ಚಿರ್ರೆಂದು ಸದ್ದು ಬಂದರೆ, ಬೆರಳಿಗೆ ಸಿಬಿರು ಸಿಕ್ಕರೆ, ಆ ಬಾಣ ಮುರಿದು ಎಸೆಯಬೇಕು. ಸೀಳಿದ ಬಾಣ ಬಿಡುವಾಗ ಒಡೆದು ಬಿಲ್ಲು ಹಿಡಿದ ಕೈಗೇ ನಾಟುತ್ತದೆ.

ಹಳೆಯ ಬಿಲ್ಲು ಕೊಳ್ಳಬಹುದೇ? ಕೊಳ್ಳಬಹುದು, ನಾನಂತೂ ಅದನ್ನೇ ಮೊದಲು ಹುಡುಕು ಎಂದೆ. ಆದರೆ ಜೇಬಿನಲ್ಲಿ ಒಂದು ಹತ್ತಿ ಉಂಡೆ ಇರಲಿ. ಬಿಲ್ಲಿನ ಎರಡು ತೋಳಿನ ಅಂಚಿಗೂ ಹತ್ತಿಯನ್ನು ನಿಧಾನವಾಗಿ ಸವರುತ್ತ ಹೋಗಬೇಕು. ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಅಲ್ಲಿ ಕಣ್ಣಿಗೆ ಕಾಣದ ಬಿರುಕಿದೆ, ಕೈಮುಗಿದು ಎದ್ದು ಬನ್ನಿ. ಹೆದೆ, ಕೇಬಲ್ಲು ಜುಂಗೆದ್ದಿದ್ದರೆ ಅಷ್ಟಕ್ಕೇ ಬಿಡಬೇಕಾಗಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಅವನ್ನು ಬದಲಿಸಲೇಬೇಕು, ಆ ಖರ್ಚನ್ನು ಬೆಲೆಯಲ್ಲಿ ಇಳಿಸಿ ಕೇಳಿ. ಕಾಂಪೌಂಡಿನ ಹೆದೆ ಬದಲಿಸಲು ತೋಳುಗಳನ್ನು ಅದುಮಿ ಹಿಡಿಯುವ ಪ್ರೆಸ್ ಬೇಕು. ಊರಿನ ಸೈಕಲ್ ಅಂಗಡಿಯಲ್ಲಿ ಆಗುವ ಕೆಲಸ ಅದಲ್ಲ. ಕೊಳ್ಳುವ ಮುಂಚೆಯೇ ಈ ಬಿಲ್ಲಿಗೆ ಹೆದೆ, ಬಿಡಿಭಾಗ ಎಲ್ಲಿ ಸಿಗುತ್ತದೆ, ಯಾರು ಹಾಕಿಕೊಡುತ್ತಾರೆ ಎಂದು ಕೇಳಿಕೊಳ್ಳಬೇಕು. ನನ್ನ ಮಟ್ಟಿಗೆ, ಹೆಸರುವಾಸಿ ಕಂಪನಿಯ ಐದು ವರ್ಷ ಹಳೆಯ ಬಿಲ್ಲು, ಬಿಡಿಭಾಗ ಸಿಗದ ಹೊಸ ಬಿಲ್ಲಿಗಿಂತ ಎಷ್ಟೋ ಮೇಲು. ಬಿಲ್ಲನ್ನು ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಿಡಬಾರದು ಎಂಬುದೂ ಖರ್ಚು ಉಳಿಸುವ ಮಾತೇ. ಅರಸೀಕೆರೆಯ ಏಪ್ರಿಲ್ ಬಿಸಿಲಿಗೆ ಹೆದೆ ಹಿಗ್ಗುತ್ತದೆ, ತೋಳಿನ ಅಂಟು ಸಡಿಲುತ್ತದೆ.

ಒಂದು ಮಾತು ಹೊರದೇಶದಲ್ಲಿರುವ ನಮ್ಮವರಿಗೆ. ಅಮೆರಿಕದಲ್ಲಿ ನೆಲೆಸಿದ ಕನ್ನಡದ ಮನೆಗಳ ಮಕ್ಕಳು ಅಲ್ಲಿ ಲೈಸೆನ್ಸ್ ಪಡೆದು, ಋತು ನೋಡಿ ಜಿಂಕೆ ಬೇಟೆಗೆ ಹೋಗಬಹುದು. ಅಲ್ಲಿನ ಹಲವು ರಾಜ್ಯಗಳಲ್ಲಿ ಜಿಂಕೆಗೆ 40 ಪೌಂಡಿನ ಬಿಲ್ಲು ಸಾಕೆಂದು ಕಾನೂನೇ ಹೇಳುತ್ತದೆ. 70 ಪೌಂಡಿನ ಮೋಹ ಅಲ್ಲಿಯೂ ಬೇಕಿಲ್ಲ. ಬ್ರಿಟನ್ನಿನಲ್ಲಿ ಬಿಲ್ಲುಬೇಟೆಗೆ ಅವಕಾಶವೇ ಇಲ್ಲ. ಊರಿಗೆ ಬರುವಾಗ ಬೇಟೆಯ ಬಿಲ್ಲನ್ನು ಉಡುಗೊರೆಯಾಗಿ ತರುವವರು, ತಂದದ್ದನ್ನು ಯಾರ ಕೈಗೆ, ಯಾವ ಮಾತು ಹೇಳಿ ಕೊಡುತ್ತೀರಿ ಎಂದು ಯೋಚಿಸಿ ಕೊಡಿ.

ಹಂದಿಯನ್ನು ಹೊಡೆಯದಿದ್ದರೆ ಈ ಬಿಲ್ಲು ಯಾತಕ್ಕೆ ಎಂದು ಅಣ್ಣನೇ ಕೇಳಿದ್ದ. ಅವನಿಗೆ ಕಾಗದದ ಗುರಿಯೊಂದನ್ನು ಬಿಚ್ಚಿ ತೋರಿಸಿದೆ. ಕಾಂಪೌಂಡ್ ಸ್ಪರ್ಧೆಯಲ್ಲಿ ಗುರಿ ಇರುವುದು 50 ಮೀಟರ್ ದೂರದಲ್ಲಿ. ನಡುವಿನ ಹತ್ತು ಅಂಕದ ಹಳದಿ ವೃತ್ತ 8 ಸೆಂಟಿಮೀಟರ್, ಅಂದರೆ ನಮ್ಮ ಉಂಡೆ ಕೊಬ್ಬರಿಯಷ್ಟು ಅಗಲ. ತೆಂಗಿನ ಸಾಲಿನ ಈ ತುದಿಯಲ್ಲಿ ನಿಂತು ಆರೇಳು ಮರದಾಚೆ ಇಟ್ಟ ಕೊಬ್ಬರಿಗೆ ಹೊಡೆದ ಹಾಗೆ. 2023ರ ಆಗಸ್ಟಿನಲ್ಲಿ ಬರ್ಲಿನ್ನಿನ ವಿಶ್ವ ಚಾಂಪಿಯನ್‌ಶಿಪ್ ಫೈನಲ್ಲಿನಲ್ಲಿ ಓಜಸ್ ದೇವತಳೆ ಹದಿನೈದು ಬಾಣ ಬಿಟ್ಟರು. ಹದಿನೈದೂ ಆ ಕೊಬ್ಬರಿಯೊಳಗೆ, 150ಕ್ಕೆ 150. ಅದೇ ದಿನ 17 ವರ್ಷದ ಅದಿತಿ ಸ್ವಾಮಿ ಮಹಿಳೆಯರಲ್ಲಿ ವಿಶ್ವ ಚಾಂಪಿಯನ್ ಆದರು. ಇಬ್ಬರೂ ಪಳಗಿದ್ದು ಮಹಾರಾಷ್ಟ್ರದ ಸತಾರಾದಲ್ಲಿ. ಮುಂಬಯಿ, ದೆಹಲಿಯಂಥ ಮಹಾನಗರದಲ್ಲಲ್ಲ. ಎರಡು ತಿಂಗಳಾದ ಮೇಲೆ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಕಾಂಪೌಂಡಿನ ಐದಕ್ಕೆ ಐದೂ ಚಿನ್ನ ಭಾರತಕ್ಕೆ ಬಂತು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕಾಂಪೌಂಡಿನ ಮಿಶ್ರ ತಂಡದ ಸ್ಪರ್ಧೆ ಮೊದಲ ಬಾರಿ ಸೇರುತ್ತಿದೆ. ಬಿಲ್ಲು ಮೈಗೆ ಹೊಂದಬೇಕು ಎಂಬ ಮಾತಿಗೆ ಶೀತಲ್ ದೇವಿಗಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ. ಕಿಶ್ತವಾಡದ ಈ ಹುಡುಗಿಗೆ ಹುಟ್ಟಿನಿಂದ ತೋಳುಗಳಿಲ್ಲ. ಕಾಲಿನಲ್ಲಿ ಕಾಂಪೌಂಡ್ ಬಿಲ್ಲು ಹಿಡಿದು, ಭುಜಕ್ಕೆ ಹೊಂದಿಸಿದ ಸಾಧನದಿಂದ ಹೆದೆ ಎಳೆದು, 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ರಾಕೇಶ್ ಕುಮಾರ್ ಜೊತೆ ಕಂಚು ಗೆದ್ದಳು. ಅವಳ ಮೈಗೆ ತಕ್ಕಂತೆ ಬಿಲ್ಲಿನ ವ್ಯವಸ್ಥೆಯನ್ನು ಕಟ್ಟಿದರೇ ಹೊರತು ಬಿಲ್ಲಿಗೆ ತಕ್ಕ ಮೈ ಹುಡುಕಲಿಲ್ಲ.

ಇಷ್ಟೂ ದುಡ್ಡು ಹೊಂದಿಸಲು ಆಗದವರಿಗೆ ಬಿದಿರಿನ ಬಿಲ್ಲು ಇದೆ. ನಮ್ಮ ದೇಶದ ಸ್ಪರ್ಧೆಗಳಲ್ಲಿ ‘ಇಂಡಿಯನ್ ರೌಂಡ್’ ಎಂಬ ವಿಭಾಗವೇ ಇದೆ; ಬಿದಿರಿನ ಬಿಲ್ಲು, 50 ಮತ್ತು 30 ಮೀಟರ್ ಗುರಿ. ನಿಲುವು, ಎಳೆತ, ಉಸಿರು, ಬಿಡುವ ಹದ ಎಲ್ಲ ಅದರಲ್ಲೇ ಕಲಿಯಬಹುದು. ಅಲ್ಲಿ ಕಲಿತದ್ದು ಕಾಂಪೌಂಡಿಗೆ ಬಂದಾಗ ಎಲ್ಲಿಯೂ ಹೋಗುವುದಿಲ್ಲ.

ನಮ್ಮ ಹುಡುಗ ಮೂರು ತಿಂಗಳು ಏನನ್ನೂ ಕೊಳ್ಳಲಿಲ್ಲ. ಬೆಳಿಗ್ಗೆ ಎದ್ದು ರಬ್ಬರ್ ಪಟ್ಟಿ ಎಳೆಯುತ್ತಿದ್ದ, ಭಾನುವಾರ ನನ್ನ ಬಿದಿರಿನ ಬಿಲ್ಲು ಹಿಡಿಯುತ್ತಿದ್ದ. ಹಳೆ ಬಟ್ಟೆ ಒತ್ತಿ ತುಂಬಿದ ಎರಡು ಗೋಣಿಚೀಲ ಗುರಿ, ಅದರ ಹಿಂದೆ ಕೆರೆ ಏರಿಯಂಥ ಮಣ್ಣಿನ ದಿಬ್ಬ, ದಿಬ್ಬದ ಹಿಂದೆ ಯಾರೂ ಓಡಾಡದ ಜಾಗ. ಹತ್ತು ಮೀಟರಿನಲ್ಲಿ ಮೂರು ಬಾಣವೂ ಒಂದು ಗೇಣಿನೊಳಗೆ ಬೀಳುವವರೆಗೆ ಹಿಂದಕ್ಕೆ ಸರಿಯಬಾರದು ಎಂಬುದು ನಾನಿಟ್ಟ ಒಂದೇ ನಿಯಮ. ಆಮೇಲೆ ಬೆಂಗಳೂರಿನಲ್ಲಿ ಒಬ್ಬರು ಬಳಸಿದ, ಉದ್ದ ಭಾರ ಎರಡೂ ಬದಲಿಸಬಹುದಾದ ಬಿಲ್ಲೊಂದು ಸಿಕ್ಕಿತು. ಹತ್ತಿ ಉಂಡೆ ಅವನೇ ಒಯ್ದಿದ್ದ. ಮೊದಲು ನೋಡಿಟ್ಟಿದ್ದ ಬಿಲ್ಲಿನ ಬೆಲೆಯಲ್ಲಿ ಅರ್ಧಕ್ಕೆ ಬಿಲ್ಲು, ಬಾಣ, ರಿಲೀಸು ಎಲ್ಲ ಮುಗಿದು, ಉಳಿದದ್ದು ಸೋಲಾರ್ ಬೇಲಿಗೆ ಸೇರಿತು. 26.8 ಇಂಚಿಗೆ ಹತ್ತಿರದ ಗುರುತಿಗೆ ಹೊಂದಿಸಿ, 35 ಪೌಂಡಿಗೆ ಇಳಿಸಿಕೊಂಡು ಶುರು ಮಾಡಿದ.

ಈ ಯುಗಾದಿಗೆ ಮನೆಗೆ ಸುಣ್ಣ ಹೊಡೆಸಿದರು. ಹಬ್ಬಕ್ಕೆ ಹೋದವನು ಹಜಾರದಲ್ಲಿ ಕೂತು ನೋಡಿದರೆ, ಬೆಳ್ಳಗಿನ ಗೋಡೆಯ ಮೇಲೆ ಎರಡು ಕಡೆ ಅಂಗೈಯಗಲ ಹಳೆ ಬಣ್ಣವನ್ನು ಹಾಗೇ ಬಿಟ್ಟಿದ್ದರು. ಒಂದೊಂದರಲ್ಲೂ ನನ್ನ ಪೆನ್ಸಿಲ್ ಗೀಟು, ಅದರ ಆಚೆಗೆ ಹೊಸದೊಂದು ಗೀಟು. ಅಳೆದರೆ 69. ಹುಡುಗ ಆಗಲೇ ಲೆಕ್ಕ ಮಾಡಿಟ್ಟಿದ್ದ: ‘27.6 ಚಿಕ್ಕಪ್ಪ. ಕ್ಯಾಮಿನ ತಿರುಪು ಎರಡು ಗುರುತು ಮುಂದಕ್ಕೆ ಹಾಕ್ಬೇಕು. ಅಲೆನ್ ಕೀ ತಂದಿದ್ದೀರಾ?’